ಬೀಟೆ ಮರ, ತಾಮ್ರದ ತಂತಿ, ಹಳೇ ಬೇಸ್

ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರಿಗೆ ಜಾತ್ರೆಗೋ ಗಣಪತಿ ಹಬ್ಬಕ್ಕೋ ಆರ್ಕೆಸ್ಟ್ರಾ ಬಂದರೆ ಜನರ ಕಣ್ಣು ಮೊದಲು ಹಾಡುವವರ ಮೇಲೆ, ಆಮೇಲೆ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್ ಮೇಲೆ. ಬೇಸ್ ಗಿಟಾರಿನವನು ಇದ್ದರೂ ಹಿಂದುಗಡೆ ಸ್ಪೀಕರ್ ಬಾಕ್ಸಿನ ಪಕ್ಕ ನಿಂತಿರುತ್ತಾನೆ. ಎಷ್ಟೋ ತಂಡಗಳಲ್ಲಿ ಅವನೂ ಇರುವುದಿಲ್ಲ, ಆ ಕೆಲಸ ಕೀಬೋರ್ಡಿನವನ ಎಡಗೈ ಪಾಲಿಗೆ ಬಿದ್ದಿರುತ್ತದೆ. ಹಾಗಿದ್ದೂ ಹಾಡು ಎದೆಗೆ ತಟ್ಟುವುದು ಆ ಕೆಳಸ್ವರದಿಂದಲೇ. 1981ರಲ್ಲಿ ಶಂಕರ್ ನಾಗ್ ನಿರ್ದೇಶಿಸಿ ಇಳಯರಾಜ ಸಂಗೀತ ಕೊಟ್ಟ 'ಗೀತಾ' ಚಿತ್ರದ ಹಾಡುಗಳನ್ನು ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿದರೆ ಗೊತ್ತಾಗುತ್ತದೆ: ಹಾಡಿನ ಅಡಿಯಲ್ಲಿ ಬೇಸ್ ತನ್ನದೇ ಇನ್ನೊಂದು ಹಾಡು ನಡೆಸಿರುತ್ತದೆ.

ಆ ಕಾಲದ, ಅದಕ್ಕೂ ಹಿಂದಿನ ದನಿ ಬೇಕೆಂದು ಹಟ ಹಿಡಿದವರ ಒಂದು ಲೋಕವೇ ಇದೆ. ಅರವತ್ತರ ದಶಕದ ಮೂಲ ವಾದ್ಯಕ್ಕೆ ಹತ್ತಾರು ಲಕ್ಷ ಸುರಿಯುವವರಿದ್ದಾರೆ. ಅದೇ ಅಚ್ಚಿನಲ್ಲಿ ಇಂದು ತಯಾರಾಗುವ ವಾದ್ಯವನ್ನು ಕೊಂಡು, ಬಿಚ್ಚಿ, ತಂತಿಯ ಅದುರು ಹಿಡಿಯುವ ಪಿಕಪ್ಪು ಬದಲಿಸಿ, ತಂತಿ ಬದಲಿಸಿ ಹಳೆಯ ದನಿ ಹೊರಡಿಸಲು ಹೆಣಗುವವರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಈ ವಾದ್ಯಕ್ಕೆ ವಯಸ್ಸು ಬಹಳವೇನೂ ಆಗಿಲ್ಲ. 1951ಕ್ಕೆ ಮುಂಚೆ ವಾದ್ಯಗೋಷ್ಠಿಯಲ್ಲಿ ಕೆಳಸ್ವರ ನುಡಿಸುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಸಾಗಿಸುವುದು ಕಷ್ಟ, ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರ್ ನಡುವೆ ಕೇಳಿಸುವುದು ಇನ್ನೂ ಕಷ್ಟ. 1930ರ ದಶಕದಲ್ಲೇ ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ಎಲೆಕ್ಟ್ರಿಕ್ ಬೇಸ್ ಮಾಡಿದ್ದ, ಅದು ನಡೆಯಲಿಲ್ಲ. 1951ರಲ್ಲಿ ನಡೆಸಿದವನು ಕ್ಯಾಲಿಫೋರ್ನಿಯಾದ ಫುಲರ್‌ಟನ್ ಊರಿನ ರೇಡಿಯೊ ರಿಪೇರಿಯವ ಲಿಯೊ ಫೆಂಡರ್. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎನ್ನುವುದು ಈ ಕಥೆಯ ತಮಾಷೆ. 34 ಇಂಚು ಉದ್ದದ ನಾಲ್ಕು ತಂತಿ, 20 ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ), ಒಂದು ಪಿಕಪ್. ಫ್ರೆಟ್ ಇರುವುದರಿಂದ ಬೆರಳಿಟ್ಟಲ್ಲಿ ಸ್ವರ ನಿಖರವಾಗಿ ಬರುತ್ತದೆಂದು ಅದಕ್ಕೆ 'ಪ್ರಿಸಿಷನ್ ಬೇಸ್' ಎಂದೇ ಹೆಸರಿಟ್ಟ. 1957ರಲ್ಲಿ ಪಿಕಪ್ಪನ್ನು ಎರಡು ತುಂಡು ಮಾಡಿದ. 1960ರಲ್ಲಿ ತೆಳುವಾದ ಕುತ್ತಿಗೆ, ಎರಡು ಪಿಕಪ್ ಇರುವ 'ಜಾಜ್ ಬೇಸ್' ತಂದ. ಇವತ್ತು ಅಂಗಡಿಯಲ್ಲಿ ತೂಗುಹಾಕಿರುವ ಬೇಸ್‌ಗಳಲ್ಲಿ ಬಹುಪಾಲು ಈ ಎರಡರ ಮಕ್ಕಳು, ಮೊಮ್ಮಕ್ಕಳು.

1965ರ ಜನವರಿಯಲ್ಲಿ ಲಿಯೊ ತನ್ನ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಅಲ್ಲಿಂದ ಮುಂದೆ ಗುಣಮಟ್ಟ ಇಳಿಯಿತು ಎಂಬುದು ಸಂಗ್ರಹಕಾರರ ನಂಬಿಕೆ. ಹಾಗಾಗಿ 'ಸಿಬಿಎಸ್‌ಗೆ ಮುಂಚಿನದು' ಎಂಬ ಮಾತೇ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುತ್ತದೆ. ನಂಬಿಕೆಯಲ್ಲಿ ಸ್ವಲ್ಪ ನಿಜ, ಸ್ವಲ್ಪ ಭಕ್ತಿ. ಕೈಯಲ್ಲಿ ಸುತ್ತಿದ ಪಿಕಪ್ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. 1962ರ ಸಾಧಾರಣ ಬೇಸ್‌ಗಳೂ ಇವೆ, 1972ರ ಅದ್ಭುತ ಬೇಸ್‌ಗಳೂ ಇವೆ. ಕೆನಡಾದ ರಶ್ ಬ್ಯಾಂಡಿನ ಗೆಡ್ಡಿ ಲೀ ಬಹುವಾಗಿ ನಚ್ಚಿದ್ದು ಮಿಷಿಗನ್‌ನ ಕಲಮಜೂ ಊರಿನ ಗಿರವಿ ಅಂಗಡಿಯಲ್ಲಿ ಸುಮಾರು 200 ಡಾಲರಿಗೆ ಸಿಕ್ಕ 1972ರ ಜಾಜ್ ಬೇಸನ್ನು. ಆಮೇಲೆ ಅವನು 250ಕ್ಕೂ ಹೆಚ್ಚು ಹಳೆಯ ಬೇಸ್ ಕೂಡಿಹಾಕಿ 2018ರಲ್ಲಿ ಅವುಗಳ ಮೇಲೆ ದಪ್ಪ ಪುಸ್ತಕವನ್ನೇ ಬರೆದ.

ಹಳೆಯದು ನಿಜಕ್ಕೂ ಹಳೆಯದೇ ಎಂದು ತಿಳಿಯುವುದು ಹೇಗೆ? ಗುಂಡಿಗಳಿರುವ ಹಲಗೆ ಬಿಚ್ಚಿ ನೋಡಬೇಕು. ಸದ್ದು ಏರಿಳಿಸುವ ಗುಂಡಿಯ ಕೆಳಗೆ 'ಪಾಟ್' ಎನ್ನುವ ಪುಟ್ಟ ಲೋಹದ ಡಬ್ಬಿ ಇರುತ್ತದೆ, ಅದರ ಬೆನ್ನ ಮೇಲೆ ಅಂಕಿಗಳನ್ನು ಒತ್ತಿರುತ್ತಾರೆ. 304-6320 ಎಂದಿದ್ದರೆ 304 ಎಂಬುದು ಸ್ಟ್ಯಾಕ್‌ಪೋಲ್ ಕಂಪನಿಯ ಗುರುತು, 63 ಎಂದರೆ 1963, 20 ಎಂದರೆ ಆ ವರ್ಷದ ಇಪ್ಪತ್ತನೇ ವಾರ. 137 ಇದ್ದರೆ ಸಿಟಿಎಸ್ ಕಂಪನಿಯದು. ಇದರಲ್ಲೂ ಒಂದು ತೊಡಕಿದೆ. ಫೆಂಡರ್ ಕಂಪನಿ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡು ವರ್ಷಾನುಗಟ್ಟಲೆ ಬಳಸಿತು. ಹಾಗಾಗಿ ಈ ಅಂಕಿ 'ಇದಕ್ಕಿಂತ ಹಿಂದಿನದಲ್ಲ' ಎಂದಷ್ಟೇ ಹೇಳುತ್ತದೆ. ಕುತ್ತಿಗೆ ಬಿಚ್ಚಿದರೆ ಅದರ ಬುಡದಲ್ಲಿ ಪೆನ್ಸಿಲಿನಲ್ಲೋ ಮುದ್ರೆಯಲ್ಲೋ ಬರೆದ ತಾರೀಖು ಸಿಗಬಹುದು. ಬೆಸುಗೆ ಮೊದಲಿನದೋ ಆಮೇಲಿನದೋ ಎಂಬುದನ್ನು ಪಳಗಿದವರು ಅದರ ಹೊಳಪಿನಿಂದಲೇ ಹೇಳುತ್ತಾರೆ.

ಕ್ಯಾಲಿಫೋರ್ನಿಯಾದ ಈ ಕಥೆಯೊಳಗೆ ಕರ್ನಾಟಕದ ಕಾಡೂ ಇದೆ. ಬೆರಳು ಓಡಾಡುವ ಫಿಂಗರ್‌ಬೋರ್ಡಿಗೆ ಫೆಂಡರ್ ಮೊದಲು ಬಳಸಿದ ರೋಸ್‌ವುಡ್ ಎಂದರೆ ಬ್ರೆಜಿಲ್‌ನ ರೋಸ್‌ವುಡ್. ಆ ಮರ ಸಿಗುವುದು ಕಷ್ಟವಾಗುತ್ತ ಬಂದಂತೆ, ಅರವತ್ತರ ದಶಕದ ನಡುವಿನಿಂದ ಭಾರತದ ರೋಸ್‌ವುಡ್ ಅದರ ಜಾಗ ಹಿಡಿಯಿತು. ಅದೇ ನಮ್ಮ ಬೀಟೆ. ದಾಂಡೇಲಿ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಕಾಡಿನಲ್ಲಿ, ಕಾಫಿ ತೋಟದ ನೆರಳಿನ ಮರವಾಗಿ ನಿಂತಿರುವ, ಮೈಸೂರಿನ ಕೆತ್ತನೆಯವರು ದಂತದ ಬಣ್ಣದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ ಮರ. ಎಪ್ಪತ್ತರ ದಶಕದ ಅಮೆರಿಕನ್ ಬೇಸ್ ಒಂದರ ರೋಸ್‌ವುಡ್ ಮೇಲೆ ಬೆರಳಾಡಿಸುವವನು ಪಶ್ಚಿಮಘಟ್ಟದ ಮರದ ಮೇಲೆ ಬೆರಳಾಡಿಸುತ್ತಿರುವ ಸಂಭವ ಹೆಚ್ಚು. ಬೀಟೆಯಲ್ಲಿ ಎಣ್ಣೆಯ ಅಂಶ ಜಾಸ್ತಿ. ವಾರ್ನಿಷ್ ಇಲ್ಲದೆಯೂ ಬೆವರಿಗೆ ಜಗ್ಗುವುದಿಲ್ಲ, ಬೆರಳು ಸವೆಸಿದಷ್ಟೂ ನುಣುಪಾಗುತ್ತದೆ.

ಈ ಮರದಿಂದ ರಾದ್ಧಾಂತವೂ ಆಗಿದೆ. ಭಾರತದಿಂದ ಬೀಟೆಯ ದಿಮ್ಮಿಯನ್ನೋ ಕೊಯ್ದ ಹಲಗೆಯನ್ನೋ ಹೊರದೇಶಕ್ಕೆ ಕಳಿಸುವಂತಿಲ್ಲ, ತಯಾರಾದ ವಸ್ತುವನ್ನು ಕಳಿಸಬಹುದು. ಹಾಗಾದರೆ ಫಿಂಗರ್‌ಬೋರ್ಡಿಗೆಂದು ಕೊಯ್ದ ಪಟ್ಟಿ ಹಲಗೆಯೋ, ವಾದ್ಯದ ಭಾಗವೋ? 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಂಪನಿಯ ಮೇಲೆ ದಾಳಿ ಮಾಡಿ ಭಾರತದಿಂದ ಬಂದ ಪಟ್ಟಿಗಳನ್ನು ಜಪ್ತಿ ಮಾಡಿದರು. ತಕರಾರು ಕೆಲವು ಮಿಲಿಮೀಟರ್ ದಪ್ಪದ್ದು ಮತ್ತು ಕಸ್ಟಮ್ಸ್ ಕಾಗದದಲ್ಲಿ ನಮೂದಿಸಿದ ಸಂಖ್ಯೆಯದು. ಮರುವರ್ಷ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿ ರಾಜಿಯಾಯಿತು. ದಂಡ ಬಿದ್ದದ್ದು ಮಡಗಾಸ್ಕರ್‌ನ ಎಬನಿ ಮರದ ವಿಷಯಕ್ಕೆ, ಭಾರತದ ಮರ ವಾಪಸು ಸಿಕ್ಕಿತು. 2017ರ ಜನವರಿಯಿಂದ ಜಗತ್ತಿನ ಎಲ್ಲ ರೋಸ್‌ವುಡ್ ಜಾತಿಗಳೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿಗಾಕ್ಕೆ ಬಂದವು. ಗಿಟಾರ್ ಕಂಪನಿಗಳು ಕಂಗಾಲಾಗಿ ಬೇರೆ ಮರ ಹುಡುಕತೊಡಗಿದವು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಈ ಎರಡು ಮೂರು ವರ್ಷಗಳಲ್ಲಿ ತಯಾರಾದ ಎಷ್ಟೋ ಬೇಸ್‌ಗಳಲ್ಲಿ ಬೀಟೆಯ ಬದಲು ಪಾವ್ ಫೆರೊ ಎಂಬ ದಕ್ಷಿಣ ಅಮೆರಿಕದ ಮರ ಕಾಣುವುದು ಇದೇ ಕಾರಣಕ್ಕೆ.

ಇನ್ನು ಬದಲಾವಣೆಯ ಮಾತು. ಸಂಗ್ರಹಕಾರನಿಗೆ ಬೇಕಾದದ್ದು ಯಾರೂ ಕೈ ಹಚ್ಚದ ವಾದ್ಯ. ಹೊಸ ಬಣ್ಣ ಬಳಿದಿದ್ದರೆ, ಒಂದು ತೂತು ಹೆಚ್ಚಿಗೆ ಕೊರೆದಿದ್ದರೆ ಬೆಲೆ ಬಿತ್ತು ಎಂದೇ ಲೆಕ್ಕ. ಆದರೆ ಬೇಸ್‌ನ ಚರಿತ್ರೆಯಲ್ಲಿ ಹೆಸರು ಮಾಡಿದ ವಾದ್ಯಗಳನ್ನು ಒಂದೊಂದಾಗಿ ನೋಡಿದರೆ ಅರ್ಧಕ್ಕರ್ಧ ಯಾರೋ ಕೈಯಾಡಿಸಿದವೇ.

ಫ್ಲಾರಿಡಾದ ಜಾಕೊ ಪಾಸ್ಟೋರಿಯಸ್ 1962ರ ಜಾಜ್ ಬೇಸ್ ಹಿಡಿದು ಅದರ ಫ್ರೆಟ್‌ಗಳನ್ನೆಲ್ಲ ಕಿತ್ತ. ಬೆಣ್ಣೆ ಸವರುವ ಚಾಕುವಿನಲ್ಲಿ ಕಿತ್ತೆ ಎಂದು ಅವನೇ ಹೇಳಿಕೊಂಡದ್ದುಂಟು. ಉಳಿದ ಗೀರುಗಳಿಗೆ ಮರದ ಲಪ್ಪ ತುಂಬಿದ. ಸುರುಳಿ ಸುತ್ತಿದ ಉಕ್ಕಿನ ತಂತಿ ಮರವನ್ನು ಅರದಂತೆ ತಿನ್ನುತ್ತದೆ, ಅದಕ್ಕಾಗಿ ದೋಣಿಗೆ ಬಳಿಯುವ ಎಪಾಕ್ಸಿಯನ್ನು ಮೇಲೆ ಬಳಿದ. ಅಲ್ಲಿಂದ ಬಂದದ್ದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ಹಾಡುವ ಕೊರಳಿನಂಥ ದನಿ. ಮೀಂಡ್, ಗಮಕ ಕೇಳಿ ಬೆಳೆದ ಕಿವಿಗೆ ಇದು ತಕ್ಷಣ ರುಚಿಸುತ್ತದೆ, ಸರೋದಿನಲ್ಲೂ ಮೆಟ್ಟಿಲುಗಳಿಲ್ಲವಲ್ಲ. 1986ರಲ್ಲಿ ಆ ಬೇಸ್ ಕಳುವಾಯಿತು, ಮರುವರ್ಷ ಜಾಕೊ ತೀರಿಕೊಂಡ. ಎರಡು ದಶಕದ ಮೇಲೆ ಅದು ನ್ಯೂಯಾರ್ಕಿನಲ್ಲಿ ಪತ್ತೆಯಾದಾಗ ಜಾಕೊನ ಮನೆಯವರಿಗೆ ಮರಳಿ ಸಿಗಲು ದುಡ್ಡು ಹಾಕಿ ನೆರವಾದವನು ಮೆಟಾಲಿಕಾ ಬ್ಯಾಂಡಿನ ರಾಬರ್ಟ್ ಟ್ರುಜಿಲ್ಲೊ.

ದಿ ಹೂ ಬ್ಯಾಂಡಿನ ಜಾನ್ ಎಂಟ್‌ವಿಸಲ್ ಐದು ಪ್ರಿಸಿಷನ್ ಬೇಸ್‌ಗಳ ಭಾಗ ಕೂಡಿಸಿ ಒಂದನ್ನು ಕಟ್ಟಿದ, ಮೂರು ಕೆಟ್ಟ ಬೈಕ್ ಬಿಚ್ಚಿ ಒಂದು ಓಡುವ ಬೈಕ್ ಮಾಡುವ ನಮ್ಮೂರ ಮೆಕ್ಯಾನಿಕ್‌ನ ಹಾಗೆ. ಅದಕ್ಕೆ 'ಫ್ರಾಂಕನ್‌ಸ್ಟೈನ್' ಎಂದು ಹೆಸರಿಟ್ಟ. ಅವನು ತೀರಿಕೊಂಡ ಮೇಲೆ, 2003ರ ಸದಬೀಸ್ ಹರಾಜಿನಲ್ಲಿ ಅದರ ಬೆಲೆ 60 ಸಾವಿರ ಪೌಂಡ್ ದಾಟಿತು.

ಪಾಲ್ ಮೆಕಾರ್ಟ್ನಿಯ ಪಿಟೀಲು ಆಕಾರದ ಹಾಫ್ನರ್ ಬೇಸ್‌ನದು ಇನ್ನೂ ಸ್ವಾರಸ್ಯದ ಕಥೆ. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಕೊಂಡದ್ದು. ಎಡಗೈಯವನಾದ ಅವನಿಗೆ ಎರಡೂ ಬದಿ ಒಂದೇ ಥರ ಇರುವ ವಾದ್ಯ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣಲಿಲ್ಲ. 1964ರಲ್ಲಿ ಅದಕ್ಕೆ ಹೊಸದಾಗಿ ಬಣ್ಣ ಹೊಡೆಸಿ, ಎರಡು ಪಿಕಪ್ಪನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದರು. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾದ ಅದು 2023ರಲ್ಲಿ ಸಿಕ್ಕಿತು, ಸುದ್ದಿ ಹೊರಬಿದ್ದದ್ದು 2024ರ ಫೆಬ್ರುವರಿಯಲ್ಲಿ. ಹಾಗೆ ರಿಪೇರಿಯಾದ ಹಾಫ್ನರ್ ಬೇರೆಲ್ಲಿ ಸಿಕ್ಕೀತು? ಬೆಲೆ ಇಳಿಸಬೇಕಿದ್ದ ಬದಲಾವಣೆಯೇ ಇಲ್ಲಿ ಗುರುತಿನ ಚೀಟಿಯಾಗಿತ್ತು.

ಏನೂ ಮಾಡದೆ ಬಿಟ್ಟು ಗೆದ್ದವನೂ ಒಬ್ಬನಿದ್ದಾನೆ. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ನೂರಾರು ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತನ್ನ 1962ರ ಪ್ರಿಸಿಷನ್‌ಗೆ ಚಪ್ಪಟೆ ಸುತ್ತಿನ ತಂತಿ ಹಾಕಿದವನು ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲವಂತೆ. ತಂತಿಯ ಬುಡಕ್ಕೆ ಸ್ಪಂಜಿನ ತುಂಡು ಒತ್ತಿರುತ್ತಿತ್ತು. ಆ ಗುಮ್ಮೆನ್ನುವ, ಬೇಗ ಆರಿಹೋಗುವ ದನಿಯನ್ನೇ ಇಂದು 'ವಿಂಟೇಜ್' ಎಂದು ಹುಡುಕುವುದು. ಅದಕ್ಕೆ ಬೇಕಾದ ಸಾಮಾನು ಒಂದು ಜತೆ ಚಪ್ಪಟೆ ತಂತಿ, ಒಂದು ತುಂಡು ಸ್ಪಂಜು. ಪಿಕಪ್ಪಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಯಾರೇ ಆದರೂ ಮಾಡಿ ನೋಡಬೇಕಾದದ್ದು ಇದು.

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸುತ್ತು ಹೆಚ್ಚಾದರೆ ಸದ್ದು ಜೋರು, ಆದರೆ ಚುರುಕು ಕಡಿಮೆ. ತೊಂದರೆಯೆಂದರೆ ಈ ಸುರುಳಿ ಸುತ್ತಲಿನ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಜಾತ್ರೆಯ ವೇದಿಕೆಯಲ್ಲಿ, ಜನರೇಟರ್, ಸೀರಿಯಲ್ ಲೈಟು, ನೆಟ್ಟಗಿಲ್ಲದ ಅರ್ಥಿಂಗ್ ನಡುವೆ ನುಡಿಸುವವರಿಗೆ ಇದು ದಿನದ ತಲೆನೋವು. 1957ರ ಪ್ರಿಸಿಷನ್ ಪಿಕಪ್ಪಿನ ಎರಡು ತುಂಡುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿರುವುದರಿಂದ ಒಂದು ಹಿಡಿದ ಗುಂಯ್ ಶಬ್ದವನ್ನು ಇನ್ನೊಂದು ಅಳಿಸುತ್ತದೆ. ಜಾಜ್ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಸಮ ಇದ್ದಾಗ ಮಾತ್ರ ಈ ಉಪಕಾರ. ಒಳಗಿನ ಗೂಡಿಗೆ ತಾಮ್ರದ ಹಾಳೆ ಅಂಟಿಸಿ ಅರ್ಥ್ ತಂತಿಗೆ ಬೆಸೆದರೆ ಇನ್ನಷ್ಟು ತಗ್ಗುತ್ತದೆ. ಟಿವಿ ರಿಪೇರಿಯ ಅಂಗಡಿಯಲ್ಲೇ ಆಗುವ ಕೆಲಸ ಇದು.

ಹವೆಯ ಕಾಟ ಬೇರೆ. ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಫಿಂಗರ್‌ಬೋರ್ಡಿನ ಮರ ಕುಗ್ಗುತ್ತದೆ, ಫ್ರೆಟ್‌ನ ಲೋಹ ಕುಗ್ಗುವುದಿಲ್ಲ. ಅಂಚಿನಲ್ಲಿ ಫ್ರೆಟ್‌ನ ತುದಿಗಳು ಹೊರಚಾಚಿ ಅಂಗೈ ಗೀರುತ್ತವೆ. ನುಣುಪಾದ ಅರದಿಂದ ಆ ತುದಿಗಳನ್ನು ತೀಡಿ, ಬೀಟೆಗೆ ಸ್ವಲ್ಪ ಎಣ್ಣೆ ಉಜ್ಜಿದರೆ ಸರಿಹೋಗುತ್ತದೆ. ಕುತ್ತಿಗೆ ಬಾಗಿದರೆ ಒಳಗಿನ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು ತಿರುಗಿಸಿ ನೆಟ್ಟಗೆ ಮಾಡುತ್ತಾರೆ. ಹಳೆಯ ಮಾದರಿಗಳಲ್ಲಿ ಅದರ ತಿರುಪು ಕುತ್ತಿಗೆಯ ಬುಡದಲ್ಲಿ ಅಡಗಿರುವುದರಿಂದ ಪ್ರತಿ ಸಲವೂ ಕುತ್ತಿಗೆಯನ್ನೇ ಸಡಿಲಿಸಬೇಕು. ಹಳೆಯದರ ನಕಲಿನಲ್ಲಿ ಈ ಕಿರಿಕಿರಿಯನ್ನೂ ಬಿಡದೆ ನಕಲು ಮಾಡುವವರಿದ್ದಾರೆ.

ಆಮದು ಬಿಗಿಯಾಗಿದ್ದ ಕಾಲದಲ್ಲಿ ನಮ್ಮ ತಂಡಗಳ ಕೈಗೆ ಬರುತ್ತಿದ್ದುದು ಗಿವ್‌ಸನ್, ಹಾಬ್ನರ್ ಎಂಬ ದೇಶಿ ಗಿಟಾರ್‌ಗಳು. ಯಾವ ವಿದೇಶಿ ಹೆಸರುಗಳ ನೆರಳು ಎಂದು ಬೇರೆ ಹೇಳಬೇಕಿಲ್ಲ. ಈಗ ಕಾಲ ಬದಲಾಗಿದೆ. 1982ರಲ್ಲಿ ಫೆಂಡರ್ ತನ್ನ ಹಳೆಯ ಮಾದರಿಗಳನ್ನು ತಾನೇ ಮತ್ತೆ ಮಾಡಲು ಶುರುಮಾಡಿತು. ಅದೇ ಅಚ್ಚಿನ ಅಗ್ಗದ ಬೇಸ್‌ಗಳು ಇಂಡೊನೇಷ್ಯಾ, ಚೀನಾದಿಂದ ಬೆಂಗಳೂರಿನ ಅಂಗಡಿಗೂ ಬರುತ್ತವೆ. ಕನ್ನಡದಲ್ಲಿ ಹಾಡುವ ರಘು ದೀಕ್ಷಿತ್ ತಂಡಕ್ಕೆ ಗೌರವ್ ವಾಜ್, ಸ್ವರಾತ್ಮ ತಂಡಕ್ಕೆ ಜಿಷ್ಣು ದಾಸ್‌ಗುಪ್ತ ಬೇಸ್ ಹಿಡಿದ ಮೇಲೆ ಈ ವಾದ್ಯದತ್ತ ಕಣ್ಣು ಹಾಯಿಸುವ ಹುಡುಗರೂ ಹೆಚ್ಚಾಗಿದ್ದಾರೆ. ಅಂಥವರಿಗೆ ನಿಜವಾದ 1962ರ ಬೇಸ್ ಎಂದೂ ಬೇಕಾಗುವುದಿಲ್ಲ. ಒಳ್ಳೆಯ ಮರದ ಸಾಧಾರಣ ವಾದ್ಯ, ಸರಿಯಾದ ತಂತಿ, ನೆಟ್ಟಗಿನ ಕುತ್ತಿಗೆ, ಬೆಸುಗೆ ಬಲ್ಲ ಒಬ್ಬ ಗೆಳೆಯ ಇದ್ದರೆ ಕೇಳುಗರು ವ್ಯತ್ಯಾಸ ಹಿಡಿಯುವುದು ಕಷ್ಟ. ಹತ್ತಾರು ಲಕ್ಷ ಕೊಟ್ಟು ತಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ ಬೇಸ್ ವಾದ್ಯವಾಗಿ ಉಳಿಯುವುದಿಲ್ಲ, ಷೇರು ಪತ್ರವಾಗುತ್ತದೆ.

ಹಳೇ ಆರ್ಕೆಸ್ಟ್ರಾದವರ ಮನೆಯ ಅಟ್ಟದ ಮೇಲೆ ಧೂಳು ಹಿಡಿದ ಬೇಸ್ ಇದ್ದರೆ ಅದಕ್ಕೆ ಹೊಸ ಬಣ್ಣ ಹೊಡೆಸಲು ಅವಸರ ಬೇಡ. ಮೊದಲು ಹಲಗೆ ಬಿಚ್ಚಿ ಪಾಟ್‌ನ ಬೆನ್ನ ಮೇಲಿನ ಅಂಕಿಯ ಫೋಟೊ ತೆಗೆಯಿರಿ. ಬದಲಿಸಲೇಬೇಕಾದರೆ ಹೊಸ ತೂತು ಕೊರೆಯದೆ ಬದಲಿಸಿ, ತೆಗೆದ ಪಿಕಪ್ಪು, ತಿರುಪು, ತಂತಿಯ ತುಂಡನ್ನೂ ಒಂದು ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ನಾಳೆ ಅದು ಮಾರಾಟವಾಗುವುದಾದರೆ ಡಬ್ಬಿ ಜತೆಗಿದ್ದಾಗಲೇ ಒಳ್ಳೆಯ ಬೆಲೆ.