ನಿಮಗಿದು ಗೊತ್ತೇ? ಸೀಟುಂಟು, ಸೂರಿಲ್ಲ

ನಮ್ಮ ಹುಡುಗರು ಕನಸು ಕಾಣುವ ಕ್ಯಾಲಿಫೋರ್ನಿಯಾದಲ್ಲೇ ಕಾಲೇಜು ವಿದ್ಯಾರ್ಥಿಗಳಿಗೆ ಮಲಗಲು ಜಾಗವಿಲ್ಲ! ಆಗ 23 ಕ್ಯಾಂಪಸ್‌ಗಳಿದ್ದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2018ರಲ್ಲಿ ಹೊರತಂದ ಸಮೀಕ್ಷೆಯಲ್ಲಿ, ಉತ್ತರಿಸಿದವರ ಪೈಕಿ ಶೇ 10.9ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ನೆಲೆಯಿಲ್ಲದೆ ದಿನ ಕಳೆದಿದ್ದರು.

ಬಾಡಿಗೆ ಕಟ್ಟಲಾಗದೆ ಇವತ್ತು ಒಬ್ಬ ಗೆಳೆಯನ ಸೋಫಾ, ನಾಳೆ ಇನ್ನೊಬ್ಬನ ಸೋಫಾ ಎಂದು ದಿನ ದೂಡುವವರನ್ನು ಅಮೆರಿಕದ ಶಿಕ್ಷಣ ಕಾನೂನು ಮನೆಯಿಲ್ಲದವರೆಂದೇ ಎಣಿಸುತ್ತದೆ. ವಸತಿ ಇಲಾಖೆ ಸಾಮಾನ್ಯವಾಗಿ ಎಣಿಸುವುದಿಲ್ಲ. ಸೋಫಾ ಇದೆಯಲ್ಲ!

ಕಾರಿನಲ್ಲಿ ಮಲಗಿದವರು ಬೆಳಿಗ್ಗೆ ಸ್ನಾನಕ್ಕೆಲ್ಲಿ ಹೋಗಬೇಕು? ಕಮ್ಯುನಿಟಿ ಕಾಲೇಜುಗಳು ತಮ್ಮ ಕ್ಯಾಂಪಸ್ಸಿನ ಬಚ್ಚಲುಗಳನ್ನು ಇಂಥವರಿಗೆ ತೆರೆದಿಡಬೇಕೆಂದು 2016ರಲ್ಲಿ ಕಾನೂನೇ ಬಂತು. ಷರತ್ತು: ಫೀಸು ಕಟ್ಟಿರಬೇಕು.

ಅದೇ ಕಾಲೇಜುಗಳ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಕಾರು ನಿಲ್ಲಿಸಿ ಮಲಗಲು ಬಿಡಬೇಕೆಂಬ ಮಸೂದೆ 2019ರಲ್ಲಿ ಅರ್ಧದಲ್ಲೇ ನಿಂತಿತು. ಲಾಂಗ್ ಬೀಚ್ ಸಿಟಿ ಕಾಲೇಜು ಮಾತ್ರ ಕಾನೂನಿಗೆ ಕಾಯದೆ 2021ರಲ್ಲಿ ತಾನೇ ಜಾಗ ಕೊಟ್ಟಿತು, ವೈಫೈ ಸಮೇತ.

ಲಾಸ್ ಏಂಜಲೀಸಿನ ಯುಸಿಎಲ್‌ಎ ವಿದ್ಯಾರ್ಥಿಗಳು 2016ರಲ್ಲಿ ಚರ್ಚೊಂದರಲ್ಲಿ ತಮ್ಮ ಓರಗೆಯವರಿಗಾಗಿ ರಾತ್ರಿ ತಂಗುದಾಣ ತೆರೆದರು. ನಡೆಸುವವರೂ ಅವರೇ.

ಸಾಂತಾ ಬಾರ್ಬರಾದ ಕಥೆ ಕೇಳಿ. ವಾರನ್ ಬಫೆಟ್ ಜೊತೆಗಾರ, ಕೋಟ್ಯಧಿಪತಿ ಚಾರ್ಲಿ ಮಂಗರ್ ಅಲ್ಲಿನ ವಿಶ್ವವಿದ್ಯಾಲಯಕ್ಕೆ 20 ಕೋಟಿ ಡಾಲರ್ ಕೊಡಲು ಮುಂದಾದರು: 4,500 ಮಂದಿಗೆ 11 ಮಹಡಿಯ ಹಾಸ್ಟೆಲ್. ಆದರೆ ನಕ್ಷೆ ಅವರದೇ, ಮಲಗುವ ಕೋಣೆಗಳಲ್ಲಿ ಹೆಚ್ಚಿನವಕ್ಕೆ ಕಿಟಕಿಯೇ ಇಲ್ಲ! ಬದಲಿಗೆ ಗೋಡೆಯಲ್ಲೊಂದು ದೀಪದ ಕಿಟಕಿ. ಸ್ಫೂರ್ತಿ, ಡಿಸ್ನಿಯ ಪ್ರವಾಸಿ ಹಡಗು. ವಿನ್ಯಾಸ ಪರಿಶೀಲನಾ ಸಮಿತಿಯಲ್ಲಿದ್ದ ವಾಸ್ತುಶಿಲ್ಪಿ ಡೆನಿಸ್ ಮೆಕ್‌ಫ್ಯಾಡನ್ 2021ರಲ್ಲಿ ರಾಜೀನಾಮೆ ಎಸೆದು ಹೊರನಡೆದರು. ಆ ವರ್ಷವೇ ಕೋಣೆ ಸಾಲದೆ ವಿದ್ಯಾರ್ಥಿಗಳನ್ನು ಹೋಟೆಲುಗಳಲ್ಲಿ ಇರಿಸಬೇಕಾಗಿ ಬಂದಿತ್ತು. ಯೋಜನೆಯನ್ನು ಕೈಬಿಟ್ಟಿದ್ದು 2023ರಲ್ಲಿ.

ಬರ್ಕ್‌ಲಿಯಲ್ಲಂತೂ ಇನ್ನೂ ತಮಾಷೆ. ಅಲ್ಲಿನ ವಿಶ್ವವಿದ್ಯಾಲಯ ಪೀಪಲ್ಸ್ ಪಾರ್ಕ್ ಎಂಬ ಉದ್ಯಾನದಲ್ಲಿ 1,100ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ವಸತಿ ಕಟ್ಟಲು ಹೊರಟರೆ ಅಕ್ಕಪಕ್ಕದವರು ಕೋರ್ಟು ಹತ್ತಿದರು. ಅವರ ತಕರಾರುಗಳಲ್ಲಿ ಒಂದು, ವಿದ್ಯಾರ್ಥಿಗಳ ಗಲಾಟೆ ಪರಿಸರಕ್ಕೆ ಹಾನಿ! ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಿಕೊಂಡಿತು. ಕೊನೆಗೆ, ಮನೆಯಲ್ಲಿರುವವರ ಸದ್ದನ್ನು ಮಾಲಿನ್ಯದ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಶಾಸನಸಭೆ 2023ರಲ್ಲಿ ಕಾನೂನು ಮಾಡಬೇಕಾಯಿತು. ರಾಜ್ಯದ ಸುಪ್ರೀಂ ಕೋರ್ಟ್ ಕಟ್ಟಡಕ್ಕೆ ದಾರಿ ಬಿಟ್ಟಿದ್ದು 2024ರ ಜೂನ್‌ನಲ್ಲಿ.