ಶಾಲೆಯ ಪಾಳಿ, ಮೈಯ ಗಡಿಯಾರ

ಕೊಠಡಿಗಳು ಸಾಲದ ಕಡೆ ಒಂದೇ ಶಾಲೆಯನ್ನು ಎರಡು ಮೂರು ಪಾಳಿಗಳಲ್ಲಿ ನಡೆಸುವ ಪದ್ಧತಿ ಹಲವು ದೇಶಗಳಲ್ಲಿದೆ. ಬೆಳಗಿನ ಪಾಳಿಯ ಮಕ್ಕಳೇ ಓದಿನಲ್ಲಿ ಮುಂದು ಎಂದು ನಂಬುವವರು ಬಹಳ. ಇದನ್ನು ಒರೆಗೆ ಹಚ್ಚುವುದು ಮಾತ್ರ ಕಷ್ಟ. ಪೋಷಕರೇ ಪಾಳಿ ಆರಿಸಿಕೊಳ್ಳುವ ಶಾಲೆಯಲ್ಲಿ ಅಂಕಗಳ ವ್ಯತ್ಯಾಸಕ್ಕೆ ಪಾಳಿ ಕಾರಣವೋ ಮನೆಯ ಸ್ಥಿತಿಗತಿ ಕಾರಣವೋ ಬಿಡಿಸಿ ಹೇಳಲಾಗದು.

ಲಾಟರಿಯಲ್ಲಿ ಸಿಕ್ಕ ಪಾಳಿ

ಅರ್ಜೆಂಟೀನಾದ ಒಂದು ಪ್ರೌಢಶಾಲೆಯಲ್ಲಿ ಈ ತೊಡಕು ಇರಲಿಲ್ಲ. ಅಲ್ಲಿ ಮೂರು ಪಾಳಿ: ಒಂದು ಬೆಳಗ್ಗೆ 7.45ಕ್ಕೆ, ಇನ್ನೊಂದು ಮಧ್ಯಾಹ್ನ 12.40ಕ್ಕೆ, ಮತ್ತೊಂದು ಸಂಜೆ 5.20ಕ್ಕೆ ಶುರು. ಯಾರಿಗೆ ಯಾವ ಪಾಳಿ ಎಂಬುದು ಲಾಟರಿಯಲ್ಲೇ ತೀರ್ಮಾನ. ಹೀಗಾಗಿ ಮೂರರಲ್ಲೂ ಎಲ್ಲ ಬಗೆಯ ಮಕ್ಕಳು ಬೆರೆತಿದ್ದರು. ಸಂಶೋಧಕರು 753 ವಿದ್ಯಾರ್ಥಿಗಳನ್ನು ವಿಚಾರಿಸಿದರು: ಶಾಲೆಯ ದಿನ ಎಷ್ಟು ಹೊತ್ತಿಗೆ ಮಲಗಿ ಎಷ್ಟು ಹೊತ್ತಿಗೆ ಏಳುತ್ತೀರಿ? ರಜೆಯ ದಿನ? ಎಬ್ಬಿಸುವವರಿಲ್ಲದ ದಿನದ ನಿದ್ದೆಯಲ್ಲೇ ಮೈಯ ನಿಜವಾದ ಲಯ ಗೊತ್ತಾಗುವುದು. ಆ ಉತ್ತರಗಳನ್ನು ಅಂಕಗಳ ಜೊತೆ ಹೋಲಿಸಿ ನೋಡಿದರು.

ಫಲಿತಾಂಶ 2020ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಳಗಿನ ಪಾಳಿಯಲ್ಲಿ, ಬೇಗ ಮಲಗಿ ಬೇಗ ಏಳುವ ಸ್ವಭಾವದವರು ಎಲ್ಲ ವಿಷಯಗಳಲ್ಲೂ ಮುಂದಿದ್ದರು. ಗಣಿತದಲ್ಲಂತೂ ಅಂತರ ಎಲ್ಲಕ್ಕಿಂತ ಹೆಚ್ಚು. ಮಧ್ಯಾಹ್ನದ ಪಾಳಿಯಲ್ಲಿ ಆ ಅಂತರ ಅಳಿಸಿಹೋಗಿತ್ತು. ಸಂಜೆಯ ಪಾಳಿಯಲ್ಲಿ ತಡವಾಗಿ ಮಲಗುವವರಿಗೇ ಅನುಕೂಲ. ಅಂದರೆ ಬೆಳಗಿನ ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ದಡ್ಡನೆಂದು ಬಗೆಯುವ ಮೊದಲು, ಅವನಿಗೆ ನಿದ್ದೆ ಹತ್ತುವ ಹೊತ್ತು ಯಾವುದೆಂದು ಕೇಳಬೇಕು.

ತಡವಾಗಿ ಬರುವ ನಿದ್ದೆ

ನಿದ್ದೆಗೆ ಮೈಯನ್ನು ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಹರೆಯದಲ್ಲಿ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಮೊಬೈಲು ಇದನ್ನು ಇನ್ನಷ್ಟು ಹದಗೆಡಿಸೀತು, ಆದರೆ ಮೂಲ ಕಾರಣ ದೇಹದೊಳಗೇ ಇದೆ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ 11.30ಕ್ಕೆ ಕಣ್ಣು ಹತ್ತಿದ ಹುಡುಗಿ ಬೆಳಗ್ಗೆ 6ಕ್ಕೆ ಎದ್ದರೆ ಸಿಗುವುದು ಆರೂವರೆ ಗಂಟೆ ಮಾತ್ರ. ಮೊಟಕಾಗುವುದು ಬೆಳಗಿನ ಜಾವದ ಕನಸಿನ ನಿದ್ದೆ.

ಶಾಲೆ ಶುರುವಾಗುವ ಗಂಟೆಯನ್ನು ಮುಂದಕ್ಕೆ ಸರಿಸಿದರೆ ಮಕ್ಕಳು ಮತ್ತಷ್ಟು ತಡವಾಗಿ ಮಲಗುವುದಿಲ್ಲವೇ? ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ತನ್ನ ಪ್ರೌಢಶಾಲೆಗಳ ಆರಂಭವನ್ನು 7.50ರಿಂದ 8.45ಕ್ಕೆ ಸರಿಸಿತು. ಎರಡು ಶಾಲೆಗಳ ವಿದ್ಯಾರ್ಥಿಗಳ ಮಣಿಕಟ್ಟಿಗೆ ಸಾಧನ ಕಟ್ಟಿ ಅಳೆದಾಗ ದಿನದ ನಿದ್ದೆ 34 ನಿಮಿಷ ಹೆಚ್ಚಿತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಪ್ರೌಢಶಾಲೆಗಳು 8.30ಕ್ಕೆ ಮೊದಲು ಶುರುವಾಗಬಾರದೆಂಬ ಕಾನೂನೇ ಇದೆ.

ಏನು ಮಾಡಬಹುದು?

ಪಾಳಿ ಅನಿವಾರ್ಯವಾದ ಕಡೆ, ತಾವಾಗಿಯೇ ಬೇಗ ಏಳುವ ಚಿಕ್ಕ ಮಕ್ಕಳಿಗೆ ಬೆಳಗಿನ ಪಾಳಿ, ಹರೆಯದವರಿಗೆ ನಂತರದ ಪಾಳಿ ಕೊಡುವುದು ಒಳ್ಳೆಯದು. ಒಂದೇ ಪಾಳಿಯ ಶಾಲೆಯಲ್ಲೂ ಗಣಿತದ ಪರೀಕ್ಷೆಯನ್ನು ಮೊದಲ ಪೀರಿಯಡ್ಡಿಗೆ ಇಡದಿರಬಹುದು. ಅದಕ್ಕೆ ಖರ್ಚೇನೂ ಇಲ್ಲ. ಸಂಜೆಯ ಪಾಳಿಯಾದರೆ ಕತ್ತಲಲ್ಲಿ ಮನೆ ಸೇರುವ ಮಕ್ಕಳ ಸುರಕ್ಷತೆಯ ಹೊಣೆಯನ್ನೂ ಹೊರಬೇಕು.

2023ರಲ್ಲಿ ಬೆಂಗಳೂರಿನ ವಾಹನ ದಟ್ಟಣೆ ತಗ್ಗಿಸಲು ಶಾಲೆಗಳನ್ನು ಇನ್ನೂ ಬೇಗ ಶುರು ಮಾಡುವ ಚರ್ಚೆ ನಡೆದಿತ್ತು. ಇಂಥ ಚರ್ಚೆಗಳಲ್ಲಿ ರಸ್ತೆ, ಬಸ್ಸು, ಕಚೇರಿಗಳ ಲೆಕ್ಕ ಬರುತ್ತದೆ. ಮಗುವಿನ ನಿದ್ದೆಯ ಲೆಕ್ಕವೂ ಬರಬೇಕು, ಅದೂ ಎಲ್ಲಕ್ಕಿಂತ ಮೊದಲು. ಏಕೆಂದರೆ ವೇಳಾಪಟ್ಟಿ ಬದಲಾಯಿಸುವುದು ದೊಡ್ಡವರ ಕೈಯಲ್ಲಿದೆ. ನಿದ್ದೆ ಬರುವ ಹೊತ್ತು ಬದಲಾಯಿಸುವುದು ಮಗುವಿನ ಕೈಯಲ್ಲಿಲ್ಲ.