ಜ್ವರ ಮಾತ್ರ ಬರೆಯೋಕೆ ಬರುತ್ತೆ ಸಾರ್

ಮೂರು ದಿನ ತರಗತಿಗೆ ಬಾರದಿದ್ದ ಹುಡುಗ ನಾಲ್ಕನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ರಜೆ ಅರ್ಜಿ. ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಐ ಆ್ಯಮ್ ನಾಟ್ ಏಬಲ್ ಟು ಅಟೆಂಡ್ ದಿ ಕ್ಲಾಸ್.’ ಒಂದು ಸ್ಪೆಲಿಂಗ್ ತಪ್ಪಿರಲಿಲ್ಲ. ಬಿ.ಎ. ಮೊದಲ ಸೆಮಿಸ್ಟರಿನವನು, ನಿಮ್ಮೂರಿನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರಿ ಅಂದರೆ ಪೆನ್ನು ಕಚ್ಚುತ್ತ ಕೂರುವವನು. ಮುಖದಲ್ಲಿ ಜ್ವರದ ಕಳೆ ಇರಲಿಲ್ಲ. ಪ್ಯಾಂಟಿನ ಅಂಚಿಗೆ ಬೂದು ಬಣ್ಣದ ಕೆಸರು ಒಣಗಿ ಅಂಟಿತ್ತು.

“ನಿಜವಾಗ್ಲೂ ಜ್ವರಾನೇನಪ್ಪ?”

“ಇಲ್ಲ ಸಾರ್. ಹೊಲದಲ್ಲಿ ಬೋರ್ ಕೊರೆಸ್ತಿದ್ವಿ.”

“ಮತ್ತೆ ಅದನ್ನೇ ಬರೀಬಹುದಿತ್ತಲ್ಲ?”

“ಅದು ಬರೆಯೋಕೆ ಬರಲ್ಲ ಸಾರ್. ಜ್ವರ ಮಾತ್ರ ಬರೆಯೋಕೆ ಬರುತ್ತೆ.”

ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಆಮೇಲೆ ಕಪಾಟಿನಲ್ಲಿದ್ದ ಹಳೆಯ ಅರ್ಜಿಗಳ ಕಟ್ಟು ಬಿಚ್ಚಿ ನೋಡಿದರೆ ಎಲ್ಲರಿಗೂ ಜ್ವರ. ಅಕ್ಕನ ಮದುವೆಗೆ ಹೋದವಳಿಗೂ ಜ್ವರ, ಊರಹಬ್ಬಕ್ಕೆ ಹೋದವನಿಗೂ ಜ್ವರ, ಅಜ್ಜಿ ತೀರಿಕೊಂಡವನಿಗೂ ಜ್ವರ. ಹೈಸ್ಕೂಲಿನಲ್ಲಿ ಉರು ಹೊಡೆಸಿದ್ದ ಅರ್ಜಿ ಅದೊಂದೇ.

ಹಳೇ ಮೈಸೂರು ಸೀಮೆಯ ತಾಲ್ಲೂಕು ಊರೊಂದರ ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡಿದವನು. ಅಲ್ಲಿ ಮೊದಲ ವರ್ಷ ಕಲಿಸಬೇಕಾದದ್ದು ‘ಈಸ್’ ಎಲ್ಲಿ, ‘ಡಸ್’ ಎಲ್ಲಿ ಎಂಬುದನ್ನು. ಹೀಗೆಂದು ಹೊರಗೆ ಹೇಳಿದರೆ ಜನ ಹುಬ್ಬೇರಿಸುತ್ತಾರೆ. ವಿಶ್ವವಿದ್ಯಾಲಯದ ಮಟ್ಟದಲ್ಲಿ ಎಬಿಸಿಡಿಯೇ ಎನ್ನುತ್ತಾರೆ. ಹೌದು, ಹೆಚ್ಚುಕಡಿಮೆ ಅದೇ. ನಾಚಿಕೆ ಪಟ್ಟು ಅದನ್ನು ಮುಚ್ಚಿಟ್ಟುಕೊಂಡಿರುವುದೇ ನಮ್ಮ ದೊಡ್ಡ ತೊಂದರೆ ಎಂಬುದು ನನ್ನ ತಕರಾರು.

ಈ ಮಕ್ಕಳು ಇಂಗ್ಲಿಷನ್ನೇ ಕಾಣದೆ ಬಂದವರಲ್ಲ. ಮೊದಲೆಲ್ಲ ಸರ್ಕಾರಿ ಕನ್ನಡ ಶಾಲೆಯಲ್ಲಿ ಐದನೇ ತರಗತಿಗೆ ಇಂಗ್ಲಿಷ್ ಶುರುವಾಗುತ್ತಿತ್ತು. 2007-08ರಿಂದ ಒಂದನೇ ತರಗತಿಗೇ ಬಂತು. ಅಂದರೆ ಇವತ್ತು ಪದವಿಗೆ ಸೇರುವವರು ಹನ್ನೆರಡು ವರ್ಷ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕೂತು ಎದ್ದವರು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ, ದ್ವಿತೀಯ ಭಾಷೆ ಇಂಗ್ಲಿಷಿಗೆ 100. ಅದನ್ನು ಪಾಸು ಮಾಡಿ, ಪಿಯುಸಿಯನ್ನೂ ದಾಟಿ ಬಂದವರು. ದಾಟಿದ್ದು ಹೇಗೆ ಅಂದರೆ, ಮೇಷ್ಟ್ರು ಪಾಠ ಓದುತ್ತಾರೆ, ಕನ್ನಡದಲ್ಲಿ ಕಥೆ ಹೇಳುತ್ತಾರೆ, ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಮಕ್ಕಳು ನೋಟ್ಸಿಗೆ ಇಳಿಸಿಕೊಂಡು ಕಂಠಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ. ಒಂದು ವಾಕ್ಯವನ್ನು ಸ್ವಂತಕ್ಕೆ ಕಟ್ಟುವ ಸಂದರ್ಭವೇ ಬರದೆ ಹನ್ನೆರಡು ವರ್ಷ ಕಳೆಯುತ್ತದೆ.

ಪದವಿಗೆ ಬಂದ ಮೇಲೆ ಕೈಗೆ ಸಿಗುವುದು ಮತ್ತೊಂದು ಪಠ್ಯಪುಸ್ತಕ: ಒಂದಷ್ಟು ಪದ್ಯ, ಎರಡು ಕಥೆ, ಒಂದು ಪ್ರಬಂಧ, ಕೊನೆಯಲ್ಲಿ ಕಮ್ಯುನಿಕೇಷನ್ ಸ್ಕಿಲ್ಸ್ ಎಂಬ ಬಾಲಂಗೋಚಿ. ನಾಲ್ಕು ವರ್ಷದ ಪದವಿಯೊಡನೆ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 2021-22ರಲ್ಲಿ ಬಂತು. 2024-25ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪುಸ್ತಕಗಳ ಹೊದಿಕೆ ಎರಡು ಸಲ ಬದಲಾಯಿತು. ಪಾಠ ಮಾಡುವವರಾದರೂ ಯಾರು? ನನ್ನಂತೆ ಸಾಹಿತ್ಯದಲ್ಲಿ ಎಂ.ಎ. ಮಾಡಿದವರು. ಪದವಿ ಕಾಲೇಜಿನ ಉಪನ್ಯಾಸಕನಿಗೆ ಬಿ.ಎಡ್. ಬೇಕಿಲ್ಲ. ಷೇಕ್ಸ್‌ಪಿಯರನ ಸಾನೆಟ್ಟಿನ ಲಯದ ಬಗ್ಗೆ ಒಂದು ಗಂಟೆ ಮಾತಾಡಬಲ್ಲ ನನಗೆ, ‘ಹಿ ಡಸ್ ನಾಟ್ ಗೋಸ್’ ಯಾಕೆ ತಪ್ಪು ಎಂದು ರೈತನ ಮಗನಿಗೆ ತಿಳಿಯುವಂತೆ ಹೇಳಲು ಬರುತ್ತಿರಲಿಲ್ಲ. ಅವನಿಗೆ ಬರದೇ ಇದ್ದದ್ದು ಇಂಗ್ಲಿಷ್, ನನಗೆ ಬರದೇ ಇದ್ದದ್ದು ಇಂಗ್ಲಿಷ್ ಕಲಿಸುವುದು. ಅವನದು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿತ್ತು, ನನ್ನದು ಸಿಕ್ಕಿಬೀಳುತ್ತಿರಲಿಲ್ಲ.

ಬೋರ್‌ವೆಲ್ಲಿನ ಹುಡುಗನ ಅರ್ಜಿಯನ್ನು ಮಾರನೇ ದಿನ ತರಗತಿಗೇ ತಂದೆ, ಹೆಸರು ಹೇಳದೆ. ‘ಬೋರ್ ಕೊರೆಸಿದೆವು’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯೋಣ ಅಂದೆ. ಆಗ ಗೊತ್ತಾಯಿತು, ಅವನು ಜ್ವರಕ್ಕೆ ಶರಣಾದದ್ದು ಸುಮ್ಮನೆ ಅಲ್ಲವೆಂದು. ಕನ್ನಡದಲ್ಲಿ ಕೊರೆ, ಕೊರೆಸು, ಮಾಡು, ಮಾಡಿಸು, ಹೊಲಿ, ಹೊಲಿಸು. ಕ್ರಿಯಾಪದಕ್ಕೆ ‘ಇಸು’ ಹತ್ತಿಸಿದರೆ ಮುಗಿಯಿತು, ಕೆಲಸ ಬೇರೆಯವರ ತಲೆಗೆ ಹೋಯಿತು. ಅವರಪ್ಪ ಕೊರೆಯಲಿಲ್ಲ, ಕೊರೆದದ್ದು ತಿರುಚೆಂಗೋಡಿನ ರಿಗ್ ಲಾರಿಯವರು. ಇಂಗ್ಲಿಷಿನಲ್ಲಿ ‘ಇಸು’ ಇಲ್ಲ. ‘ವಿ ಗಾಟ್ ಎ ಬೋರ್‌ವೆಲ್ ಡ್ರಿಲ್ಡ್’ ಅನ್ನಬೇಕು: ಹೊಲಕ್ಕೂ ಲಾರಿಗೂ ಸಂಬಂಧವಿಲ್ಲದ ‘ಗೆಟ್’ ಎಲ್ಲಿಂದಲೋ ಬಂದು ನಡುವೆ ಕೂರುತ್ತದೆ, ಕೊರೆಯುವ ಕ್ರಿಯೆ ಕೊನೆಗೆ ಹೋಗುತ್ತದೆ. ಇದನ್ನು ಅವನಿಗೆ ಹನ್ನೆರಡು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. “ನೀರು ಬಿತ್ತೇನಯ್ಯ?” ಅಂತ ಹಿಂದಿನ ಬೆಂಚಿನವನೊಬ್ಬ ಕೇಳಿದ, ಅರ್ಜಿ ಯಾರದೆಂದು ಎಲ್ಲರಿಗೂ ಗೊತ್ತಾಗಿತ್ತು. “ಎರಡಿಂಚು” ಅಂದ ಇವನು. ಸರಿ, ‘ನೀರು ಬಿತ್ತು’ ಅನ್ನುವುದಕ್ಕೆ? ‘ವಾಟರ್ ಫೆಲ್’ ಎಂದರು ಹತ್ತು ಜನ ಒಟ್ಟಿಗೆ. ನೆಲದೊಳಗಿಂದ ಮೇಲೆ ಬರುವ ನೀರು ನಮ್ಮಲ್ಲಿ ‘ಬೀಳುತ್ತದೆ’ ಅನ್ನುವುದು ನನಗೂ ಆವತ್ತೇ ಹೊಳೆದದ್ದು.

ಅಲ್ಲಿಂದ ಮುಂದೆ ಕನ್ನಡವನ್ನೇ ಹಿಡಿದು ಹೋದೆ. ‘ಬಂದಳು’ ಅಂದರೆ ಸಾಕು, ಬಂದವಳು ಹೆಣ್ಣು, ಒಬ್ಬಳು, ಬಂದಾಯಿತು ಎಲ್ಲವೂ ಅದರಲ್ಲೇ ಇದೆ. ಇಂಗ್ಲಿಷಿನ ‘ಕೇಮ್’ ಬೋಳು ಬೋಳು. ಯಾರೆಂದು ಮುಂದೆ ನಿಲ್ಲಿಸದಿದ್ದರೆ ಅದು ಮಾತಾಡುವುದಿಲ್ಲ. ನಮ್ಮ ಮಕ್ಕಳು ವಾಕ್ಯದ ಕರ್ತೃವನ್ನು ನುಂಗುವುದು ಅದಕ್ಕೇ. ನಾವು ಪ್ರಶ್ನೆ ಕೇಳುವುದು ಬಾಲ ಎಳೆದು: ಬರ್ತೀಯಾ, ಉಂಡ್ಯಾ. ಇಂಗ್ಲಿಷಿನವರಿಗೆ ಅದಕ್ಕೆ ತಲೆಯ ಕಡೆ ಒಂದು ‘ಡೂ’ ಬೇಕು. ಇನ್ನು ‘ಹ್ಯಾವ್’. ನನಗೆ ಇಬ್ಬರು ತಂಗಿಯರಿದ್ದಾರೆ, ನನ್ನ ಹತ್ತಿರ ಪೆನ್ನಿದೆ, ನಂಗೆ ಜ್ವರ ಬಂದಿದೆ. ಮೂರಕ್ಕೂ ನಮ್ಮದು ಮೂರು ದಾರಿ, ಅವರದು ಒಂದೇ. ನಮ್ಮ ಕಡೆ ತಂಗಿ, ಪೆನ್ನು, ಜ್ವರ ತಾವೇ ಇರುತ್ತವೆ, ಬರುತ್ತವೆ. ಅವರಲ್ಲಿ ಮನುಷ್ಯ ಎಲ್ಲವನ್ನೂ ‘ಹೊಂದುತ್ತಾನೆ’. ಈ ಮಾತಿಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು “ಜ್ವರಾನೂ ಆಸ್ತಿನಾ ಸಾರ್?” ಅಂದಳು. ನಾನು ಆ ವರ್ಷ ಕೇಳಿದ ಅತ್ಯುತ್ತಮ ವ್ಯಾಕರಣದ ಪ್ರಶ್ನೆ ಅದು.

ಕೈಕೊಟ್ಟ ದಿನಗಳೂ ಇದ್ದವು. ‘ರಾಮ ದಶರಥನ ಎಷ್ಟನೇ ಮಗ?’ ಅನ್ನುವುದನ್ನು ಇಂಗ್ಲಿಷಿನಲ್ಲಿ ಕೇಳಿ ಎಂದು ಹುಮ್ಮಸ್ಸಿನಲ್ಲಿ ಕೊಟ್ಟೆ. ಇಡೀ ಗಂಟೆ ಹೋಯಿತು. ಎಷ್ಟನೇ ಎಂಬುದಕ್ಕೆ ಇಂಗ್ಲಿಷಿನಲ್ಲಿ ನೆಟ್ಟಗಿನ ಪದವೇ ಇಲ್ಲ, ಸುತ್ತು ಬಳಸಿ ಕೇಳಬೇಕು. ಮಕ್ಕಳಿಗೆ ಮಾತ್ರ ಖುಷಿಯೋ ಖುಷಿ. ನಮ್ಮ ಭಾಷೆಯಲ್ಲಿ ಇರುವುದು ಆ ಭಾಷೆಯಲ್ಲಿ ಇಲ್ಲ ಎಂದು ಅವರಿಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಕೇಳಿದ್ದೆಲ್ಲ ತಿರುಗುಮುರುಗು.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲ ಅನ್ನುವುದು ಸುಳ್ಳು. ನಿಮ್ಮ ಮನೆ, ಹೊಲ, ಅಂಗಡಿಯಲ್ಲಿ ದಿನಾ ಕೇಳುವ ಇಂಗ್ಲಿಷ್ ಪದ ಹೇಳಿ ಅಂದರೆ ಬೋರ್ಡು ತುಂಬಿಹೋಗುತ್ತದೆ: ಮೋಟರು, ಸ್ಟಾರ್ಟರು, ಫೀಸು, ಲೋನು, ಸಬ್ಸಿಡಿ, ಗೇಟು, ಡ್ರಿಪ್ಪು, ರೀಚಾರ್ಜು, ಡಾಟಾ, ಡೇರಿ, ಫ್ಯಾಟು. ಹಾಲಿನ ಡೇರಿಯಲ್ಲಿ ‘ಫ್ಯಾಟ್ ಎಷ್ಟು ಬಂತು’ ಎಂದು ದಿನಾ ಬೆಳಿಗ್ಗೆ ಕೇಳುವ ಹುಡುಗಿಗೆ ಪಠ್ಯದಲ್ಲಿ ಆ ಪದ ಸಿಕ್ಕಾಗ ತಾನು ಬಲ್ಲ ಫ್ಯಾಟ್ ಇದೇ ಎಂದು ಗೊತ್ತಾಗುವುದಿಲ್ಲ. ಕೊನೆಯ ‘ಉ’ ಕಿತ್ತು, ಸ್ಪೆಲಿಂಗ್ ತೋರಿಸಿಕೊಟ್ಟರೆ ಅರ್ಧ ಬಂಡವಾಳ ಕೈಯಲ್ಲೇ ಇದೆ.

ನಾನು ಹೊಸದೇನನ್ನೋ ಕಂಡುಹಿಡಿದೆ ಎಂದುಕೊಂಡಿದ್ದೆ. ಇಂಗ್ಲಿಷ್ ಕಲಿಸುವ ಬಗೆಯ ಮೇಲಿನ ಪುಸ್ತಕಗಳನ್ನು ತಡವಾಗಿಯಾದರೂ ಓದಿದ ಮೇಲೆ ಆ ಗರ್ವ ಇಳಿಯಿತು. 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಕೆಲವು ಶಾಲೆಗಳಲ್ಲಿ ಎನ್.ಎಸ್. ಪ್ರಭು ಎಂಬುವರು ಒಂದು ಪ್ರಯೋಗ ನಡೆಸಿದ್ದರು. ವ್ಯಾಕರಣ ಪಾಠ ಬದಿಗಿಟ್ಟು ಮಕ್ಕಳಿಗೆ ನಕ್ಷೆ, ರೈಲಿನ ವೇಳಾಪಟ್ಟಿ ಕೊಟ್ಟು, ಬಿಡಿಸಬೇಕಾದ ಒಂದು ಸಮಸ್ಯೆ ಕೊಡುವುದು. ಗಮನವೆಲ್ಲ ಅರ್ಥದ ಮೇಲಿದ್ದಾಗ ಭಾಷೆಯ ಕಟ್ಟು ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರ ಪುಸ್ತಕ ಬಂತು. ಇಂಗ್ಲಿಷ್ ಕಲಿಸುವವರ ಜಗತ್ತಿನಲ್ಲಿ ಅದು ಇವತ್ತಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರುವಾಸಿ. ಬೆಂಗಳೂರಿನ ಹೆಸರು ಹೊತ್ತು ಹೊರದೇಶಗಳ ತರಗತಿಗೆ ಹೋದದ್ದು, ಅಲ್ಲಿಂದ ಎರಡು ಗಂಟೆ ಬಸ್ಸಿನ ದೂರದ ನಮ್ಮ ಕಾಲೇಜಿಗೆ ಬಂದಿರಲಿಲ್ಲ. ಅವರ ರೈಲನ್ನು ನಾನು ಬಸ್ಸು ಮಾಡಿದೆ. ಊರಿನ ನಿಲ್ದಾಣದ ವೇಳಾಪಟ್ಟಿಯ ಫೋಟೊ ತೆಗೆದು, ಸಂಜೆ 5.40ರ ಬಸ್ ತಪ್ಪಿದರೆ ನಿಮ್ಮಲ್ಲಿ ಯಾರು ಯಾರು ಮನೆ ಸೇರುತ್ತೀರಿ, ಯಾರು ಉಳಿದುಬಿಡುತ್ತೀರಿ, ಇಂಗ್ಲಿಷಿನಲ್ಲೇ ಲೆಕ್ಕ ಹಾಕಿ ಅಂದೆ. ಐದು ನಿಮಿಷ ಮೌನ. ಆಮೇಲೆ ಇಡೀ ವರ್ಷ ತುಟಿ ಬಿಚ್ಚದಿದ್ದ ಹುಡುಗಿ ಎದ್ದು ನಿಂತಳು. ‘ಸಾರ್, ದಟ್ ಬಸ್ ನಾಟ್ ಕಮಿಂಗ್. ಬೋರ್ಡ್ ಓನ್ಲಿ.’ ಆ ಬಸ್ಸು ಬೋರ್ಡಿನಲ್ಲಿ ಮಾತ್ರ ಇದೆ, ರಸ್ತೆಯಲ್ಲಿಲ್ಲ! ‘ಈಸ್’ ಇಲ್ಲದಿದ್ದರೂ ಮಾತು ಖಡಕ್ಕಾಗಿತ್ತು. ಯಾರೂ ನಗಲಿಲ್ಲ, ಯಾಕೆಂದರೆ ಅರ್ಧ ತರಗತಿಗೆ ಆ ಬಸ್ಸಿನ ಮೇಲೆ ಸಿಟ್ಟಿತ್ತು.

ನಗುವಿನ ವಿಷಯ ಸಣ್ಣದಲ್ಲ. ಕಾನ್ವೆಂಟಿನಿಂದ ಬಂದ ನಾಲ್ಕು ಮಂದಿ ಮುಂದೆ ಕೂತಿರುತ್ತಾರೆ. ಉಳಿದವರು ಬಾಯಿ ಬಿಟ್ಟರೆ ಅವರು ಕೆಟ್ಟವರಾಗಿ ಅಲ್ಲದಿದ್ದರೂ ಹಿಂತಿರುಗಿ ನೋಡುತ್ತಾರೆ. ಅಷ್ಟು ಸಾಕು. ‘ಎಗ್’ ಅನ್ನಲು ಹೋಗಿ ‘ಯೆಗ್’ ಎಂದ ಹುಡುಗ ಆಮೇಲೆ ಮೂರು ವರ್ಷ ಮಾತಾಡುವುದಿಲ್ಲ. ಅವನೇ ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ಮಹಡಿಯ ಮೇಲಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುತ್ತಾನೆ. ಅವನ ಅಪ್ಪನ ಕಾಲದಲ್ಲಿ ಕಪಿಲ್ ದೇವ್ ಜಾಹೀರಾತಿನ ರ‍್ಯಾಪಿಡೆಕ್ಸ್ ಪುಸ್ತಕವಿತ್ತು, ಇವನಿಗೆ ಯೂಟ್ಯೂಬ್ ಇದೆ. ಕಾಲೇಜಿನಲ್ಲಿ ಪುಕ್ಕಟೆ ಸಿಗಬೇಕಾದ್ದಕ್ಕೆ ಮಹಡಿಯ ಮೇಲೆ ಫೀಸು. ನಮ್ಮ ತರಗತಿಗೆ ಇದಕ್ಕಿಂತ ಕಟುವಾದ ವಿಮರ್ಶೆ ಬೇಕಿಲ್ಲ.

ಕನ್ನಡದಲ್ಲಿ ಇಂಗ್ಲಿಷ್ ಪಾಠ ಮಾಡಿದರೆ ಇಂಗ್ಲಿಷ್ ಬರುತ್ತದೆಯೇ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಬರೀ ಕನ್ನಡದಲ್ಲಿ ಕಥೆ ಹೇಳಿ ಮುಗಿಸಿದರೆ ಬರುವುದಿಲ್ಲ, ಅದು ಹನ್ನೆರಡು ವರ್ಷ ನಡೆದದ್ದೇ. ಕನ್ನಡದ ವಾಕ್ಯವನ್ನು ಬಿಚ್ಚಿ ಪಕ್ಕದಲ್ಲಿ ಇಂಗ್ಲಿಷಿನದನ್ನು ಬಿಚ್ಚಿಟ್ಟು ತೋರಿಸುವುದು ಬೇರೆ. ನಮ್ಮಲ್ಲಿ ಈ ಎರಡು ಭಾಷೆಗಳನ್ನು ಎದುರಾಳಿ ಮಾಡಿದ್ದು ಮೇಷ್ಟ್ರುಗಳಲ್ಲ. ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಅಡಿಗ, ಅನಂತಮೂರ್ತಿ, ಲಂಕೇಶ್ ಹೊಟ್ಟೆಪಾಡಿಗೆ ಇಂಗ್ಲಿಷ್ ಪಾಠ ಮಾಡಿದವರು. ಶಾಲೆಯಲ್ಲಿ ಕನ್ನಡಕ್ಕೇ ಮೊದಲ ಸ್ಥಾನ ಎಂದು 1981ರಲ್ಲಿ ವರದಿ ಕೊಟ್ಟು, ರಾಜ್‌ಕುಮಾರ್ ಬೀದಿಗಿಳಿದ ಚಳವಳಿಗೆ ತಮ್ಮ ಹೆಸರನ್ನೇ ಕೊಟ್ಟ ವಿ.ಕೃ. ಗೋಕಾಕರು ಯಾರು? ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಬಂದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಇಂಗ್ಲಿಷ್ ಕಲಿಸುವುದು ಹೇಗೆಂದು ದೇಶಕ್ಕೆ ಹೇಳಿಕೊಡುವ ಕುರ್ಚಿಯಲ್ಲಿ ಕೂತಿದ್ದವರೇ ಕನ್ನಡ ಮೊದಲು ಅಂದದ್ದನ್ನು ನಾವು ಭಾಷಾಭಿಮಾನ ಎಂದಷ್ಟೇ ಓದಿಕೊಂಡೆವು. ಅದರಲ್ಲಿ ಪಾಠ ಮಾಡುವವನ ವ್ಯವಹಾರಜ್ಞಾನವೂ ಇತ್ತು ಎಂದು ನನ್ನ ಊಹೆ.

ಎಲ್ಲರೂ ಕಲಿತರು ಎಂದೇನೂ ಹೇಳುವುದಿಲ್ಲ. ಅರ್ಧದಷ್ಟು ಮಂದಿ ಕೊನೆಗೂ ಗೈಡಿಗೇ ಮರಳಿದರು, ಪ್ರಶ್ನೆಪತ್ರಿಕೆ ಕೇಳುವುದು ಅದನ್ನೇ ಆದ್ದರಿಂದ ಅವರನ್ನು ಬೈಯಲಾರೆ. ಬೋರ್‌ವೆಲ್ಲಿನ ಹುಡುಗ ಪಾಸಾದ, ದೊಡ್ಡ ಅಂಕವೇನೂ ಬರಲಿಲ್ಲ. ಎರಡನೇ ಸೆಮಿಸ್ಟರಿನಲ್ಲಿ ಅವನಿಂದ ಇನ್ನೊಂದು ಅರ್ಜಿ ಬಂತು: ‘ಅವರ್ ಮೋಟರ್ ಈಸ್ ಬರ್ನ್. ಐ ಆ್ಯಮ್ ಗೋ ಟು ಗೆಟ್ ಇಟ್ ರಿಪೇರ್ಡ್.’ ಎರಡು ತಪ್ಪು, ಎರಡೂ ಮೊದಲ ಪಾಠದ ತಪ್ಪುಗಳೇ. ಆದರೆ ‘ಗೆಟ್’ ಸರಿಯಾದ ಜಾಗದಲ್ಲಿ ಕೂತಿತ್ತು. ಸಹಿ ಹಾಕಿದೆ.

ಈ ವರ್ಷ ಪದವಿ ಮೊದಲ ಸೆಮಿಸ್ಟರಿಗೆ ಇಂಗ್ಲಿಷ್ ತೆಗೆದುಕೊಳ್ಳುವ ಉಪನ್ಯಾಸಕ ಮಿತ್ರರಲ್ಲಿ ಒಂದು ಕೋರಿಕೆ. ಮೊದಲ ವಾರ ಪಠ್ಯಪುಸ್ತಕ ತೆಗೆಯಬೇಡಿ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ರಜೆ ಅರ್ಜಿ ಬರೆಸಿ. ಕಾರಣ ಏನಾದರೂ ಇರಲಿ, ಜ್ವರ ಮಾತ್ರ ಬೇಡ.